ಸಕ್ಕರೆಯಲ್ಲದ ಸಕ್ಕರೆ

ಕೊಳ್ಳೇಗಾಲ
10-1-2025

ಪ್ರೀತಿಯ ದೀಪಾ,

ಫೋನಿನಲ್ಲಿ ಹೇಳೋಣವೆಂದರೆ ನಿಮ್ಮ ಗೋಪಿನಾಥಂನಲ್ಲಿ ಟವರ್ ಸಿಗುವುದೇ ಅಪರೂಪ. ಸಿಕ್ಕರೂ ಫೋನು ಮೊದಲು ನಿನ್ನ ಅಣ್ಣನ ಕೈಗೆ, ಆಮೇಲೆ ನಿನ್ನ ಅವ್ವನ ಕೈಗೆ. ನನ್ನ ಸರದಿ ಬರುವ ಹೊತ್ತಿಗೆ ಬರೀ ‘ಹಲೋ, ಹಲೋ’ ಉಳಿದಿರುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ. ಬಸ್ಸಿನ ಕಂಡಕ್ಟರ್ ಪುಟ್ಟಮಾದಪ್ಪನವರ ಕೈಯಲ್ಲಿ ಕೊಟ್ಟು ಕಳಿಸುತ್ತೇನೆ. ಜೊತೆಗೊಂದು ಗಾಜಿನ ಬಾಟಲಿಯೂ ಇದೆ, ಜೋಪಾನ.

ದೀಪಾವಳಿಗೆ ನೀನು ತಂದುಕೊಟ್ಟ ಏರ್ ಫ್ರೈಯರ್ ಅಕ್ಕಿ ಡಬ್ಬದ ಮೇಲೆ ಸುಮ್ಮನೆ ಕೂತಿತ್ತು. ಒಮ್ಮೆ ಅದರಲ್ಲಿ ಎಣ್ಣೆಯಿಲ್ಲದ ಬೋಂಡ ಮಾಡಿದ್ದೆ. ನಿನ್ನ ಅಣ್ಣ ಒಂದು ತಿಂದು, “ಸೌದೆ ಅಗದಂಗದೆ ಕಣೇ” ಎಂದರು. ಅಲ್ಲಿಗೆ ಅದರ ಕಥೆ ಮುಗಿಯಿತು ಎಂದುಕೊಂಡಿದ್ದೆ. ಆದರೆ ಈಗ ನೋಡು, ಅದರಲ್ಲಿ ಸಕ್ಕರೆ ಮಾಡುತ್ತಿದ್ದೇನೆ! ಮೊಬೈಲಿನಲ್ಲಿ ಒಂದು ವಿಡಿಯೋ ನೋಡಿ ಕಲಿತ ಖರ್ಜೂರದ ಸಕ್ಕರೆ.

ಮೊದಲ ಸಲ ಶಾಖ ಜಾಸ್ತಿಯಿಟ್ಟು ಎಲ್ಲ ಕರಕಲು. ಎರಡನೇ ಸಲ ಒಳಗಿನ ಗಾಳಿಗೆ ಚೂರುಗಳು ಹಾರಿ ಮೇಲಿನ ಕಂಬಿಗೆ ಅಂಟಿಕೊಂಡು ಅಡುಗೆಮನೆಯೆಲ್ಲ ಹೊಗೆ. ಮೂರನೇ ಸಲ ಮೇಲೊಂದು ಸ್ಟೀಲಿನ ಜಾಲರಿ ಮುಚ್ಚಿದೆ. ಬೀಜ ತೆಗೆದು ತೆಳ್ಳಗೆ ಸೀಳಬೇಕು, ಒಂದರ ಮೇಲೊಂದು ಬೀಳದ ಹಾಗೆ ಹರಡಬೇಕು, ಎಂಬತ್ತು ಡಿಗ್ರಿಗಿಟ್ಟು ಮೂರೂವರೆ ಗಂಟೆ ಕಾಯಬೇಕು. ಬಿಸಿಯಿರುವಾಗ ಮೆತ್ತಗೇ ಇರುತ್ತದೆ, ಆಗಿಲ್ಲವೆಂದು ಮತ್ತೆ ಇಟ್ಟೆಯೋ ಕೆಟ್ಟೆ. ತಣ್ಣಗಾದ ಮೇಲೆ ಮುರಿದರೆ ಹಪ್ಪಳದ ಹಾಗೆ ‘ಚಟ್’ ಎನ್ನಬೇಕು. ಆಮೇಲೆ ಮಿಕ್ಸಿಗೆ ಹಾಕಿ ಜರಡಿ ಹಿಡಿದರೆ ಆಯಿತು. ಕಾಫಿಯಲ್ಲಿ ಪೂರ್ತಿ ಕರಗುವುದಿಲ್ಲ, ತಳದಲ್ಲಿ ಒಂದಿಷ್ಟು ಗಷ್ಟು ನಿಲ್ಲುತ್ತದೆ. ಅದನ್ನೂ ನಿನ್ನ ಅವ್ವ ಬೆರಳಿನಿಂದ ಬಳಿದು ತಿಂದರು.

ಸಕ್ಕರೆ ಕಾಯಿಲೆಯೆಂದು ಒಂಬತ್ತು ವರ್ಷದಿಂದ ಸಪ್ಪೆ ಕಾಫಿ ಕುಡಿಯುತ್ತಿರುವ ಜೀವ ದೀಪಾ. ಮೊದಲ ಗುಟುಕು ಕುಡಿದು ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. ಆಮೇಲೆ, “ಬಾಯ್ಗೆ ಜೀವ ಬಂತು ಕಣವ್ವಾ ಕುಸ್ಮಾ” ಎಂದರು. ನನಗೆ ಮದುವೆಯಾಗಿ ಹದಿನಾಲ್ಕು ವರ್ಷ. ಅವರು ನನ್ನನ್ನು ಅವ್ವಾ ಎಂದಿದ್ದು ಇದೇ ಮೊದಲು.

ಈ ಸಂಕ್ರಾಂತಿಗೆ ಎಳ್ಳನ್ನೂ ಇದರಲ್ಲೇ ಬೆರೆಸುತ್ತೇನೆ. ನಿನಗೂ ಒಂದು ಬಾಟಲಿ. ರುಚಿ ನೋಡಿ ಬರೆ.

ನಿನ್ನ ಅತ್ತಿಗೆ,
ಕುಸುಮ


ಗೋಪಿನಾಥಂ
16-1-2025

ಅತ್ತಿಗೆ,

ಈ ಪತ್ರ ಕೈಗೆ ಸಿಕ್ಕ ತಕ್ಷಣ ಆ ಸಕ್ಕರೆಯನ್ನು ಚೆಲ್ಲಿಬಿಡಿ. ನನ್ನ ಪಾಲಿನ ಬಾಟಲಿಯನ್ನು ನಾನು ಇರುವೆ ಗೂಡಿನ ಮೇಲೆ ಸುರಿದಿದ್ದೇನೆ.

ನೀವು ಮೂರೂವರೆ ಗಂಟೆ ಕಾದು ಮಾಡಿದ್ದೇನು ಗೊತ್ತೆ? ಖರ್ಜೂರದೊಳಗಿದ್ದ ನೀರನ್ನು ಓಡಿಸಿದ್ದೀರಿ, ಅಷ್ಟೇ. ಸಿಹಿ ಎಲ್ಲಿಗೂ ಹೋಗಿಲ್ಲ, ಅಲ್ಲೇ ಗಟ್ಟಿಯಾಗಿ ಕೂತಿದೆ. ಹೆಸರು ಬದಲಾಯಿಸಿದರೆ ಸಕ್ಕರೆ ಔಷಧಿಯಾಗುವುದಿಲ್ಲ. ಇಲ್ಲಿ ನನ್ನ ಹತ್ತಿರ ಬರುವವರಿಗೆ ದಿನಾ ಇದನ್ನೇ ಹೇಳಿ ಗಂಟಲು ಒಣಗಿದೆ. ‘ಸಕ್ಕರೆ ಬಿಟ್ಬುಟ್ಟೆ ಸಿಸ್ಟರಮ್ಮ, ಬೆಲ್ಲ ತಿಂತೀನಿ’ ಅನ್ನುತ್ತಾರೆ. ಅವರು ಓದಿದವರಲ್ಲ, ಬಿಡಿ. ನಮ್ಮ ಮನೆಯಲ್ಲೇ, ನಾನು ನರ್ಸ್ ಆಗಿದ್ದೂ ನನ್ನ ಹೆತ್ತವ್ವನಿಗೇ, ಯಾವುದೋ ವಿಡಿಯೋ ನೋಡಿ ವೈದ್ಯ ಮಾಡಲು ನಿಂತಿದ್ದೀರಲ್ಲ! ಪಿಯುಸಿ ಪಾಸಾಗಿದ್ದರೆ ಇಷ್ಟು ತಿಳಿಯುತ್ತಿತ್ತೋ ಏನೋ.

ನಾಳೆ ಬೆಳಿಗ್ಗೆ ಬರೀ ಹೊಟ್ಟೆಯಲ್ಲಿ ಅವ್ವನ ಬೆರಳು ಚುಚ್ಚಿ ಮೀಟರಿನಲ್ಲಿ ನೋಡಿ. ಹತ್ತು ದಿನದ ಲೆಕ್ಕ ನನಗೆ ಬರೆದು ಕಳಿಸಿ.

ದೀಪ


ಕೊಳ್ಳೇಗಾಲ
25-1-2025

ದೀಪಾ,

ಹೌದು, ಪಿಯುಸಿಯಲ್ಲಿ ಫೇಲಾದವಳು ನಾನು. ಪರೀಕ್ಷೆಯ ಹೊತ್ತಿಗೆ ನನ್ನಪ್ಪನಿಗೆ ಲಕ್ವ ಹೊಡೆದಿತ್ತು, ಮಾಂಬಳ್ಳಿಯಿಂದ ಕೊಳ್ಳೇಗಾಲದ ಕಾಲೇಜಿಗೆ ಬರಲಾಗಲಿಲ್ಲ. ಇದು ನಿನಗೆ ಗೊತ್ತಿರುವ ಸಂಗತಿ. ಗೊತ್ತಿದ್ದೂ ಬರೆದೆಯಲ್ಲ, ಕೈ ಹೇಗೆ ಬಂತು?

ನಿನ್ನ ಅವ್ವನ ಮಂಡಿಗೆ ದಿನಾ ಎಣ್ಣೆ ಹಚ್ಚುವವಳು ನಾನು. ರಾತ್ರಿ ಮೂರು ಸಲ ಎಬ್ಬಿಸಿ ಬಚ್ಚಲಿಗೆ ಕರೆದುಕೊಂಡು ಹೋಗುವವಳು ನಾನು. ನೀನು ಮೂರು ತಿಂಗಳಿಗೊಮ್ಮೆ ಬರುತ್ತೀಯ, ಚಪ್ಪಲಿ ಬಿಡುವ ಮುಂಚೆಯೇ “ಏನ್ ತಿಂದೆ, ಯಾಕ್ ತಿಂದೆ” ಎಂದು ಶುರು ಮಾಡುತ್ತೀಯ. ನೀನು ಬಸ್ಸು ಹತ್ತಿದ ಮೇಲೆ ಅವರು ಗೋಡೆ ಕಡೆ ತಿರುಗಿ ಮಲಗಿ ಅಳುತ್ತಾರೆ. ಅದನ್ನು ಯಾವ ಮೀಟರಿನಲ್ಲಿ ನೋಡಲಿ ಹೇಳು. ಲೆಕ್ಕ ಬರೆದು ಕಳಿಸಲು ನಾನು ನಿನ್ನ ಕೈಕೆಳಗಿನವಳಲ್ಲ.

ಮತ್ತೆ, ನಾನು ಯಾವ ವಿಡಿಯೋ ನಂಬಿಯೂ ಮಾಡಿಲ್ಲ. ವಿಡಿಯೋ ನೋಡಿದೆ, ಆದರೆ ಕೊಡುವ ಮುಂಚೆ ಕೇಳಿಯೇ ಕೊಟ್ಟಿದ್ದೇನೆ. ಯಾರನ್ನು ಕೇಳಿದೆ ಎಂಬುದು ನಿನಗೇ ಚೆನ್ನಾಗಿ ಗೊತ್ತು. ಈಗ ಗೊತ್ತಿಲ್ಲದವಳ ಹಾಗೆ ಆಡಬೇಡ.

ನಮ್ಮ ಬೀದಿಯಲ್ಲಿ ಸಕ್ಕರೆ ಕಾಯಿಲೆಯ ಏಳು ಮನೆಗೆ ಇದನ್ನು ಕೊಟ್ಟಿದ್ದೇನೆ. ರಿಟೈರಾದ ಶಿವಮಲ್ಲಪ್ಪ ಮೇಷ್ಟ್ರು ಬಾಟಲಿ ತೊಳೆದು ಎರಡನೇ ಸಲ ಕಳಿಸಿದ್ದಾರೆ. ಅವರ್ಯಾರೂ ಇರುವೆಗೆ ಸುರಿಯಲಿಲ್ಲ.

ಕುಸುಮ


ಗೋಪಿನಾಥಂ
5-2-2025

ಅತ್ತಿಗೆ,

ಏಳು ಮನೆ!

ಯಾರನ್ನು ಕೇಳಿದಿರಿ ಎಂದು ನನಗೆ ಗೊತ್ತಂತೆ. ಗೊತ್ತು. ಅವ್ವನನ್ನೇ ಕೇಳಿರುತ್ತೀರಿ. ಒಂಬತ್ತು ವರ್ಷ ಸಿಹಿ ಮುಟ್ಟದವಳನ್ನು ಸಿಹಿ ಬೇಕೇ ಎಂದು ಕೇಳಿದರೆ ಬೇಡ ಅನ್ನುತ್ತಾಳೆಯೇ? ಅವಳ ಆಸೆಯ ಬೆನ್ನ ಹಿಂದೆ ಅವಿತುಕೊಳ್ಳಬೇಡಿ. ಅವಳು ನಿಮ್ಮನ್ನು ‘ಅವ್ವಾ’ ಎಂದಳೆಂದು ಬರೆದಿದ್ದಿರಿ. ಆ ಒಂದು ಮಾತಿಗಾಗಿ ದಿನಾ ಮೂರು ಹೊತ್ತು ಅವಳಿಗೆ ಇದನ್ನು ಕುಡಿಸುತ್ತಿದ್ದೀರಿ ಎಂದು ನನಗನ್ನಿಸುತ್ತದೆ.

ನನ್ನ ಅವ್ವ ಅಳುವುದು ನನ್ನಿಂದಲೇ ಇರಬಹುದು. ಅತ್ತರೂ ಬದುಕಿರುತ್ತಾಳೆ.

ಶಿವರಾತ್ರಿಗೆ ಬರಬೇಕೆಂದಿದ್ದೆ. ಈ ಕೋಪದಲ್ಲಿ ಬಂದರೆ ಬಾಗಿಲಲ್ಲೇ ಜಗಳವಾಗುತ್ತದೆ, ಹಾಗಾಗಿ ಬರುವುದಿಲ್ಲ. ಲೆಕ್ಕ ಕಳಿಸದಿದ್ದರೆ ಮಾತ್ರ ಬಂದು ಅವಳನ್ನು ಇಲ್ಲಿಗೇ ಕರೆತರುತ್ತೇನೆ.

ದೀಪ


ಗೋಪಿನಾಥಂ
4-3-2025

ಅತ್ತಿಗೆ,

ಒಂದು ತಿಂಗಳಾಯಿತು. ಪತ್ರವಿಲ್ಲ. ಎರಡು ಸಲ ಗುಡ್ಡ ಹತ್ತಿ ಫೋನ್ ಮಾಡಿದೆ. ಅಣ್ಣ ಎತ್ತಿ, “ಎಲ್ಲಾ ಸಂದಾಗವ್ರೆ, ಕುಸ್ಮ ನೀರ್ಗೋಗವ್ಳೆ, ಅವ್ವ ಮಲಗವ್ಳೆ” ಎಂದ. ಎರಡು ಸಲವೂ ಅದೇ ಮಾತು. ನೀವು ಹೇಳಿಕೊಟ್ಟ ಮಾತೆಂದು ಗೊತ್ತಾಗದಷ್ಟು ದಡ್ಡಿಯಲ್ಲ ನಾನು.

ನನ್ನ ಮೇಲೆ ಮುನಿಸಿದ್ದರೆ ಇರಲಿ. ನಾನು ಹಾಗೆ ಬರೆಯಬಾರದಿತ್ತು, ಪಿಯುಸಿಯ ಮಾತು. ಅದನ್ನು ಹಿಂದಕ್ಕೆ ತೆಗೆದುಕೊಂಡೆ. ಉಳಿದ ಮಾತು ತೆಗೆದುಕೊಳ್ಳುವುದಿಲ್ಲ. ಆದರೆ ನಿಮ್ಮ ಮುನಿಸಿಗೆ ನನ್ನ ಅವ್ವನ ಸುದ್ದಿಯನ್ನು ಬಚ್ಚಿಡಬೇಡಿ. ಅದು ಅಹಂಕಾರ.

ದೀಪ


ಕೊಳ್ಳೇಗಾಲ
11-3-2025

ದೀಪಾ ಅವರಿಗೆ,

ನಿಮ್ಮ ಪತ್ರ ಬಂದಾಗ ನಾನು ಮನೆಯಲ್ಲಿರಲಿಲ್ಲ. ಹನ್ನೊಂದು ದಿನ ಮೈಸೂರಿನ ಆಸ್ಪತ್ರೆಯ ವರಾಂಡದಲ್ಲಿ ಚಾಪೆ ಹಾಸಿಕೊಂಡು ಮಲಗಿದ್ದೆ.

ನಿಮ್ಮ ಅವ್ವನ ಎಡಗಾಲಿನ ಕಿರುಬೆರಳು ತೆಗೆದಿದ್ದಾರೆ.

ಹೊಸ ಚಪ್ಪಲಿಯ ಪಟ್ಟಿ ಉಜ್ಜಿ ಗುಳ್ಳೆಯಾಗಿತ್ತು. ಅವರು ಹೇಳಲಿಲ್ಲ. ನೋವೇ ಇರಲಿಲ್ಲವಂತೆ. ಕೋಣೆಯಲ್ಲಿ ಏನೋ ವಾಸನೆ ಬರುತ್ತಿದೆಯೆಂದು ನಾನು ಮಂಚದ ಕೆಳಗೆಲ್ಲ ಇಲಿ ಹುಡುಕಿದೆ. ಇಲಿಯಲ್ಲ, ಅವರ ಬೆರಳು. ಆ ದಿನವೇ ಚಳಿಜ್ವರ. ಇಲ್ಲಿನ ಡಾಕ್ಟರು ರಕ್ತ ನೋಡಿದರು, ನಾನೂರ ಹನ್ನೆರಡು ಇತ್ತು. ಆ ಹೊತ್ತೇ ಮೈಸೂರಿಗೆ ಹೋಗಿ ಎಂದರು.

ನೀವು ಕೇಳಿದ ಲೆಕ್ಕವನ್ನು ನಾನು ಬರೆದಿಟ್ಟಿದ್ದೆ. ಬೈದುಕೊಂಡೇ ಬರೆದಿಟ್ಟಿದ್ದೆ. ಇನ್ನೂರ ಹತ್ತು, ಇನ್ನೂರ ಮೂವತ್ತು, ಇನ್ನೂರ ಎಂಬತ್ತು. ನಿಮಗೆ ಕಳಿಸಲಿಲ್ಲ. ಕಳಿಸಿದರೆ ನಾನು ಸೋತ ಹಾಗೆ ಎಂದುಕೊಂಡೆ. ಮೀಟರ್ ಹಳೆಯದು, ತಪ್ಪು ತೋರಿಸುತ್ತಿರಬೇಕು ಎಂದು ನನಗೆ ನಾನೇ ಹೇಳಿಕೊಂಡೆ. ಇದನ್ನು ಬರೆಯುವಾಗ ಹೇಗಾಗುತ್ತಿದೆ ಎಂದು ನಿಮಗೆ ಹೇಳಲಾರೆ. ಹೇಳಬೇಕಾಗಿಯೂ ಇಲ್ಲ.

ನಿಮಗೆ ತಿಳಿಸಬೇಡಿ ಎಂದವರು ನಿಮ್ಮ ಅವ್ವ. “ಅವ್ಳಿಗೆ ಏಳ್ಬ್ಯಾಡ. ನಿನ್ನ ಕೊಂದಾಕ್ಬುಡ್ತಾಳೆ” ಎಂದರು. ಆಪರೇಷನ್ ಕೋಣೆಗೆ ತಳ್ಳಿಕೊಂಡು ಹೋಗುವಾಗ ಆಡಿದ ಮಾತು ಅದು.

ನನ್ನ ತಪ್ಪು ನನಗಿರಲಿ. ಆದರೆ ಒಂದು ಮಾತು ಕೇಳಿಯೇ ಕೇಳುತ್ತೇನೆ. ನೀವು ಹೇಗೆ ಅಷ್ಟು ನಿರಾಳವಾಗಿ ನನ್ನೊಬ್ಬಳ ಮೇಲೇ ಕೂಗಾಡಿದಿರಿ? ಡಿಸೆಂಬರಿನಲ್ಲಿ, ಮೊದಲ ಚಮಚ ಕೊಡುವ ಮುಂಚೆ, ನಿಮ್ಮ ಅಣ್ಣನಿಗೆ ಹೇಳಿ ನಿಮ್ಮನ್ನೇ ಕೇಳಿಸಿದೆ. ಅವರು ಫೋನ್ ಹಿಡಿದು ತಾರಸಿಗೆ ಹೋದರು, ಇಳಿದು ಬಂದು ಹೇಳಿದರು: “ದೀಪ ತಿನ್ಬೋದು ಅಂದ್ಲು. ಖರ್ಜೂರ ಒಳ್ಳೇದಂತೆ.” ನರ್ಸ್ ಅಂದಮೇಲೆ ಮುಗಿಯಿತಲ್ಲ ಎಂದು ಕೊಟ್ಟೆ. ನಿಮ್ಮ ಒಪ್ಪಿಗೆಯನ್ನು ನೀವೇ ಮರೆತು ನನ್ನನ್ನು ದಡ್ಡಿ ಎಂದಿರಿ. ಇಷ್ಟು ದಿನ ಅದನ್ನು ಬಿಡಿಸಿ ಹೇಳದೆ ಇದ್ದದ್ದು, ನೀವಾಗಿಯೇ ನೆನಪಿಸಿಕೊಂಡು ನಾಚಿಕೊಳ್ಳಲಿ ಎಂದು.

ಕುಸುಮ


ಗೋಪಿನಾಥಂ
16-3-2025

ಅತ್ತಿಗೆ,

ಪತ್ರವನ್ನು ನಿಂತಲ್ಲೇ ಓದಿದೆ. ಎದುರಿಗಿದ್ದ ಬಾಣಂತಿ, “ಎನ್ನಾಚು ಸಿಸ್ಟರ್, ಏನಾಯ್ತು?” ಎಂದು ನೀರು ಕೊಟ್ಟಳು.

ನಾನು ಒಪ್ಪಿಗೆ ಕೊಟ್ಟಿಲ್ಲ. ನನ್ನ ಅವ್ವನ ಆಣೆಗೂ ಕೊಟ್ಟಿಲ್ಲ. ಡಿಸೆಂಬರಿನಲ್ಲಿ ಅಣ್ಣ ಕೇಳಿದ್ದು ಅಕ್ಷರ ಅಕ್ಷರ ನೆನಪಿದೆ. “ಕುಸ್ಮಂಗೆ ರಕ್ತ ಕಮ್ಮಿ ಅಂತವ್ರೆ, ಸುಸ್ತು ಅಂತಾಳೆ. ಖರ್ಜೂರ ತಿನ್ಬೋದಾ?” ಎಂದು ಕೇಳಿದ. “ತಿನ್ನಲಿ, ಒಳ್ಳೇದು” ಎಂದೆ. ಅದು ನಿಮಗೆ ಹೇಳಿದ್ದು ಅತ್ತಿಗೆ. ನಿಮಗೆ! ಅವ್ವನ ಹೆಸರು ಅವನ ಬಾಯಲ್ಲಿ ಬರಲೇ ಇಲ್ಲ. ಸಕ್ಕರೆ ಎಂಬ ಮಾತೂ ಬರಲಿಲ್ಲ.

ಅವನು ನಿಮಗೆ ಹೇಳಿದ್ದು ಸುಳ್ಳು. ಆಮೇಲೆ ನಾನು ಫೋನ್ ಮಾಡಿದಾಗ ‘ಎಲ್ಲಾ ಸಂದಾಗವ್ರೆ’ ಎಂದದ್ದೂ ಸುಳ್ಳು. ಅವ್ವ ಮೈಸೂರಿನಲ್ಲಿ ಬೆರಳು ಕಳೆದುಕೊಂಡು ಮಲಗಿದ್ದಾಗ ನನ್ನ ಹತ್ತಿರ ‘ಮಲಗವ್ಳೆ’ ಎಂದನಲ್ಲ! ಎರಡು ತಿಂಗಳು ನಾವಿಬ್ಬರೂ ಒಬ್ಬರ ಮೇಲೊಬ್ಬರು ಕೆಂಡ ಕಾರುತ್ತಿದ್ದರೆ ಅವನು ನಡುವೆ ಕೂತು ಊಟ ಮಾಡಿ, ಕೈತೊಳೆದು, ಆಫೀಸಿಗೆ ಹೋಗಿ ಬರುತ್ತಿದ್ದ. ಕೇಳಿ ಅವನನ್ನು. ನನ್ನ ಪತ್ರವನ್ನು ಅವನ ಮುಖಕ್ಕೆ ಹಿಡಿದು ಕೇಳಿ.

ಆದರೆ ನಾನೂ ಒಂದು ಬಚ್ಚಿಟ್ಟಿದ್ದೇನೆ. ಅವನಿಗೆ ಬೈದು ಇದನ್ನು ಬರೆಯದಿದ್ದರೆ ನಾನೂ ಅವನ ಜಾತಿಯವಳೇ ಆಗುತ್ತೇನೆ.

ದೀಪಾವಳಿಗೆ ಬಂದಿದ್ದಾಗ ಅವ್ವ ಬಚ್ಚಲಿನಿಂದ ನಡುಮನೆಗೆ ಬರುತ್ತಿದ್ದಳು. ಒಂದು ಚಪ್ಪಲಿ ಕಾಲಿನಿಂದ ಜಾರಿ ಹಿಂದೆಯೇ ಉಳಿಯಿತು. ಅವಳಿಗೆ ಗೊತ್ತೇ ಆಗಲಿಲ್ಲ. ರಾತ್ರಿ ಅವಳು ಎಚ್ಚರವಿದ್ದಾಗಲೇ ಅವಳ ಪಾದಕ್ಕೆ ನನ್ನ ಉಗುರು ಒತ್ತಿ ನೋಡಿದೆ. ಅವಳು ಮಾತಾಡುತ್ತಲೇ ಇದ್ದಳು. ಪಾದ ಜೋಮು ಹಿಡಿದಿದೆ, ಗಾಯವಾದರೂ ತಿಳಿಯುವುದಿಲ್ಲ, ದಿನಾ ಯಾರಾದರೂ ನೋಡಬೇಕು ಎಂದು ನನಗೆ ಆ ಕ್ಷಣವೇ ಗೊತ್ತಾಯಿತು. ನಿಮಗೆ ಹೇಳಬೇಕಿತ್ತು. ಹೇಳಲಿಲ್ಲ. ಹೇಳಿದರೆ ‘ಇದನ್ನೂ ನಾನೇ ಮಾಡಬೇಕಾ, ನೀನೇ ಕರೆದುಕೊಂಡು ಹೋಗು’ ಎನ್ನುತ್ತೀರೆಂದು ಹೆದರಿದೆ. ಆ ಮಾತು ಹೇಳುವ ಬದಲು ಒಂದು ಏರ್ ಫ್ರೈಯರ್ ತಂದುಕೊಟ್ಟು ಹೋದೆ.

ಬೆರಳು ಹೋದದ್ದು ನಿಮ್ಮ ಸಕ್ಕರೆಯಿಂದ ಮಾತ್ರ ಅಲ್ಲ. ಸಕ್ಕರೆ ಗಾಯವನ್ನು ಮಾಯಲು ಬಿಡಲಿಲ್ಲ, ನಿಜ. ಆದರೆ ಗಾಯ ಯಾರ ಕಣ್ಣಿಗೂ ಬೀಳದ ಹಾಗೆ ಮಾಡಿದವಳು ನಾನು.

ದೀಪ


ಮಾಂಬಳ್ಳಿ
24-3-2025

ದೀಪಾ,

ಮೇಲಿನ ಊರಿನ ಹೆಸರು ನೋಡಿ ಗಾಬರಿಯಾಗಬೇಡ. ಮುನಿಸಿಕೊಂಡು ತವರಿಗೆ ಬಂದಿದ್ದೇನೆ. ಒಬ್ಬಳೇ ಅಲ್ಲ, ನಿನ್ನ ಅವ್ವನೂ ಜೊತೆಗೆ ಬಂದಿದ್ದಾರೆ.

ನಿನ್ನ ಪತ್ರ ಬಂದ ಸಂಜೆ ನಿನ್ನ ಅಣ್ಣ ಕಾಲು ತೊಳೆದು ಒಳಗೆ ಬಂದರು. ಪತ್ರ ಕೈಗೆ ಕೊಟ್ಟೆ. ಓದಿದರು. ಮಡಿಸಿ ಜೇಬಿಗೆ ಹಾಕಿಕೊಳ್ಳಲು ಹೋದರು. ನಾನು ಕಿತ್ತುಕೊಂಡೆ.

“ರೀ, ದೀಪನ್ನ ಏನಂತ ಕೇಳುದ್ರಿ?”

“ಖರ್ಜೂರ ತಿನ್ಬೋದಾ ಅಂತ ಕೇಳ್ದೆ.”

“ಯಾರು ತಿನ್ಬೋದಾ ಅಂತ?”

“ಅಯ್ಯೋ, ಯಾರೋ ಒಬ್ರು. ಖರ್ಜೂರ ಖರ್ಜೂರಾನೇ ಅಲ್ವಾ. ನೀನು ಕೇಳಿ ಕೇಳಿ ಅಂತ ತಲೆ ತಿಂತಿದ್ದೆ. ಅದುಕ್ಕೂ ಮೂರು ದಿನ ಮುಂಚೆನೇ ನಿನ್ನ ಸುಸ್ತಿಗೆ ಅಂತ ಕೇಳಿದ್ದೆ. ಇನ್ನೊಂದ್ಸಲ ಫೋನ್ ಮಾಡುದ್ರೆ ಅವ್ಳು ಅರ್ಧ ಗಂಟೆ ಬುದ್ಧಿ ಏಳ್ತಾಳೆ. ತಾರಸಿ ಮ್ಯಾಲೆ ಒಂದು ಬೀಡಿ ಸೇದಿ ಇಳ್ದು ಬಂದೆ. ಎಲ್ರೂ ಸುಮ್ಕಿರ್ಲಿ ಅಂತ ಏನೋ ಒಂದು ಏಳ್ದೆ ಕಣೇ!”

ಆವತ್ತು ಫೋನೇ ಮಾಡಿರಲಿಲ್ಲ ದೀಪಾ. ಬೀಡಿ ಸೇದಿ ಇಳಿದು ಬಂದಿದ್ದರು!

ನಾನು ಏನು ಕೂಗಿದೆನೋ ನನಗೇ ನೆನಪಿಲ್ಲ. ಪಕ್ಕದ ಮನೆಯ ಟೀವಿ ನಿಂತಿತು, ಅದು ನೆನಪಿದೆ. ಅಷ್ಟರಲ್ಲಿ ಮಂಚದ ಮೇಲಿಂದ ಸ್ಟೀಲಿನ ಲೋಟ ಹಾರಿ ಬಂದು ಗೋಡೆಗೆ ಬಡಿಯಿತು. ಎಸೆದವರು ನಿನ್ನ ಅವ್ವ. ಆ ಪುಟ್ಟ ದೇಹದಲ್ಲಿ ಅಷ್ಟು ಕೋಪವಿದೆಯೆಂದು ನನಗೆ ಹದಿನಾಲ್ಕು ವರ್ಷದಲ್ಲಿ ಗೊತ್ತಿರಲಿಲ್ಲ.

“ನೀನು ದೀಪನ್ನ ಕೇಳುಸ್ದೆ. ಇವ್ನು ಯಾರ್ನೂ ಕೇಳ್ನಿಲ್ಲ. ಅವ್ಳು ನನ್ ಕಾಲ್ನ ಕಳ್ಳಿಯಂಗೆ ಮುಟ್ಬುಟ್ಟು ಬಾಯ್ ಮುಚ್ಕಂಡು ಓದ್ಲು. ಕಾಲು ನಂದು, ಬೆರಳು ನಂದು. ನನ್ನ ಒಬ್ರಾದ್ರೂ ಕೇಳಿದ್ರಾ? ನಾನೇನು ಕೂಸಾ?”

“ಅತ್ತೆ, ನಿಮ್ನ ಏನಂತ ಕೇಳ್ಬೇಕಿತ್ತು...” ಎಂದೆ.

“ಸಿಹಿ ಅಂದ್ರೆ ಸಿಹಿ ಅಂತ ನಾಲ್ಗೆಗೆ ಗೊತ್ತಾಗಲ್ವಾ? ಮೊದ್ಲ ಗುಟ್ಕಿಗೇ ಗೊತ್ತಾಯ್ತು, ಇದು ನನ್ನ ತಿನ್ನೋ ಪದಾರ್ಥವೇಯ ಅಂತ. ನೀನು ನೀರ್ಗೋದಾಗ ಬಾಟ್ಲಿ ಬಗ್ಗಿಸ್ಕಂಡು ಅಂಗೈಯಲ್ಲಿ ತಿಂತಿದ್ದೆ. ಗೊತ್ತಿದ್ದೇ ತಿಂದೆ.”

ನನಗೆ ಅವರ ಮೇಲೂ ರೇಗಿಹೋಯಿತು. “ಗೊತ್ತಿದ್ಮೇಲೆ ಬ್ಯಾಡ ಅನ್ನಕೇನಾಗಿತ್ತು ನಿಮ್ಗೆ?” ಎಂದು ಕಿರುಚಿದೆ.

ಅವರ ಧ್ವನಿ ಒಮ್ಮೆಲೇ ಇಳಿಯಿತು. “ಒಂಬತ್ತು ವರ್ಸದಲ್ಲಿ ಎಲ್ರೂ ಅದು ಬ್ಯಾಡ ಇದು ಬ್ಯಾಡ ಅಂತ ನನ್ ಮುಂದಿಂದ ಕಿತ್ಕಂಡ್ರು. ನೀನೊಬ್ಳು ನಂಗೋಸ್ಕರ ಒಂದು ಮಾಡಿ ತಂದು ಮುಂದಿಟ್ಟೆ. ಕೈ ಸುಟ್ಕಂಡು ಮಾಡಿದ್ದೆ. ಅದ್ನ ಎಂಗವ್ವಾ ಬ್ಯಾಡ ಅನ್ಲಿ?”

ನಿನ್ನ ಅಣ್ಣ ಆಗಲಾದರೂ ಸುಮ್ಮನಿರಬೇಕಿತ್ತು. “ಆಯ್ತು ಬುಡವ್ವ, ಆಗಿದ್ದು ಆಯ್ತು, ಒಂದು ಬೆರಳು ತಾನೇ...” ಎಂದರು.

ನಿನ್ನ ಅವ್ವ ಎದ್ದರು. ಕೋಲು ತೆಗೆದುಕೊಂಡರು. “ಕುಸ್ಮಾ, ನಡಿ, ನಿಮ್ಮೂರ್ಗೆ ಓಗಮ. ಇವ್ನ ಮೊಕ ನೋಡ್ಕಂಡು ಇಲ್ಲಿರಕಾಗಲ್ಲ” ಎಂದರು. ಬೆಳಿಗ್ಗೆ ಮೊದಲ ಬಸ್ಸಿಗೆ ಇಬ್ಬರೂ ಹೊರಟುಬಂದೆವು. ನನ್ನ ತಾಯಿ ಬಾಗಿಲಲ್ಲೇ ಬಾಯಿ ಬಿಟ್ಟು ನಿಂತಳು. “ಅತ್ತೆ ಮ್ಯಾಲೆ ಮುನಿಸ್ಕಂಡು ಬರೋರ ಕಂಡಿವ್ನಿ. ಅತ್ತೇನೇ ಕರ್ಕಂಡು ಮುನಿಸ್ಕಂಡು ಬಂದೋಳ ಈಗ್ಲೇ ಕಂಡಿದ್ದು” ಎಂದಳು. ನಿನ್ನ ಅವ್ವ ನಕ್ಕರು. ನನಗೆ ನಗು ಬರಲಿಲ್ಲ.

ಸಕ್ಕರೆ ಈಗ ಇಳಿದಿದೆ. ಲೆಕ್ಕ ಹಿಂದಿನ ಹಾಳೆಯಲ್ಲಿದೆ, ಈ ಸಲ ಪೂರ್ತಿಯಾಗಿ. ಗಾಯದ ಬಟ್ಟೆ ಬದಲಾಯಿಸಲು ಯಳಂದೂರಿಗೆ ದಿನ ಬಿಟ್ಟು ದಿನ ಆಟೋದಲ್ಲಿ ಹೋಗುತ್ತೇವೆ.

ನಿನ್ನ ಮೇಲಿನ ಕೋಪಕ್ಕೆ ಇನ್ನೂ ಹೊತ್ತು ಸಿಕ್ಕಿಲ್ಲ. ನೀನು ಪಾದದ ವಿಷಯ ಹೇಳಿದ್ದರೆ ನಾನು ದಿನಾ ನೋಡುತ್ತಿದ್ದೆ. ನೀನೇ ಕರೆದುಕೊಂಡು ಹೋಗು ಎಂದು ಬಯ್ಯುತ್ತಿದ್ದೆ, ಹೌದು. ಬೈದು ನೋಡುತ್ತಿದ್ದೆ. ಇಷ್ಟು ವರ್ಷವಾದರೂ ನನ್ನನ್ನು ಅಷ್ಟೂ ತಿಳಿದುಕೊಂಡಿಲ್ಲವಲ್ಲ ನೀನು.

ಕುಸುಮ


ಗೋಪಿನಾಥಂ
30-3-2025

ಅತ್ತಿಗೆ,

ಇವತ್ತು ಯುಗಾದಿ. ಇಲ್ಲಿ ಇನ್ನೊಬ್ಬ ನರ್ಸ್ ರಜೆಯಲ್ಲಿದ್ದಾಳೆ, ಬಿಟ್ಟು ಬರಲಾಗುತ್ತಿಲ್ಲ.

ನಿಮ್ಮ ಪತ್ರ ನಾಲ್ಕು ಸಲ ಓದಿದೆ. ನೀವು ಬಯ್ಯಬೇಕಿದ್ದಷ್ಟು ಬೈದಿಲ್ಲ. ‘ಕಳ್ಳಿಯಂಗೆ ಮುಟ್ಬುಟ್ಟು ಓದ್ಲು’ ಎಂದು ಅವ್ವ ಅಂದದ್ದು ನನ್ನ ಕಿವಿಯಲ್ಲೇ ಇದೆ. ಹಾಗಾದರೆ ಅವಳಿಗೆ ಗೊತ್ತಾಗಿತ್ತು. ಉಗುರು ಒತ್ತಿದ್ದು ತಿಳಿಯದಿದ್ದರೂ ನನ್ನ ಮುಖ ನೋಡಿ ತಿಳಿದಿತ್ತು.

ಒಂದು ಕೆಲಸ ಬಾಕಿಯಿದೆ, ನೀವೂ ಮರೆತಿರಲಾರಿರಿ. ಆ ಏಳು ಮನೆ. ಅವರ ಪಾದವನ್ನೂ ಯಾರೂ ನೋಡುತ್ತಿಲ್ಲ.

ದೀಪ


ಕೊಳ್ಳೇಗಾಲ
21-4-2025

ದೀಪಾ,

ಮರೆತಿರಲಿಲ್ಲ. ಮಾಂಬಳ್ಳಿಯಲ್ಲಿ ಮೂರು ವಾರ ಅದೊಂದೇ ಯೋಚನೆ. ಹೇಗೆ ಹೋಗಿ ಆ ಬಾಗಿಲುಗಳನ್ನು ತಟ್ಟಲಿ? ಕೊಡುವಾಗ ಎಷ್ಟು ಜಂಬದಿಂದ ಕೊಟ್ಟಿದ್ದೆ, ‘ನನ್ನ ನಾದಿನಿ ನರ್ಸು, ಅವಳೇ ಒಪ್ಪಿದ್ದಾಳೆ’ ಎಂದು ನಿನ್ನ ಹೆಸರನ್ನೂ ಸೇರಿಸಿ. ಹೌದು, ಅದನ್ನೂ ಹೇಳಿದ್ದೆ. ಈಗ ಗೊತ್ತಾಯಿತಲ್ಲ, ಬಯ್ಯಿ.

ಹೋದ ವಾರ ನಿನ್ನ ಅಣ್ಣ ಕರೆಯಲು ಬಂದರು. ಗಡ್ಡ ಬಿಟ್ಟಿದ್ದರು. ನನ್ನ ತಾಯಿ ಚಾಪೆ ಹಾಸಲು ಹೋದಳು. ನಿನ್ನ ಅವ್ವ “ನಿಲ್ಲು” ಎಂದರು.

“ಬತ್ತೀವಿ ಕಣ್ಲಾ ಪ್ರಭು. ಆದ್ರೆ ಇವ್ಳು ಏಳು ಮನೆಗೆ ಓಗಿ ಆ ಬಾಟ್ಲಿ ಈಸ್ಕಬೇಕು. ಇವ್ಳೊಬ್ಳೇ ಯಾಕೆ ತಲೆ ತಗ್ಗುಸ್ಬೇಕು? ನೀನು ಮುಂದೆ ನಡಿ. ಬಾಗ್ಲಲ್ಲಿ ನಿಂತು ನೀನೇ ಏಳ್ಬೇಕು.”

“ಏನಂತ ಏಳ್ಲವ್ವಾ?”

“ಆದದ್ದ ಏಳು.”

ಹಾಗೆ ನಿನ್ನೆ ಭಾನುವಾರ ಬೆಳಿಗ್ಗೆ ಹೊರಟೆವು. ಮುಂದೆ ನಿನ್ನ ಅಣ್ಣ, ಹಿಂದೆ ಚೀಲ ಹಿಡಿದು ನಾನು. ನಿನ್ನ ಅವ್ವನನ್ನು ಮನೆಯಲ್ಲೇ ಬಿಟ್ಟು ಬಂದಿದ್ದೆವು. ಬೀದಿಯ ಜನ ಚಂದಾ ಎತ್ತಲು ಬಂದೆವೆಂದುಕೊಂಡರೋ ಏನೋ. ಪ್ರತಿ ಬಾಗಿಲಲ್ಲೂ ನಿನ್ನ ಅಣ್ಣನದು ಒಂದೇ ಪಾಠ: “ಸ್ವಲ್ಪ ತಪ್ಪು ತಿಳುವಳಿಕೆ ಆಗ್ಬುಟ್ಟದೆ ಸಾ. ಅದು ಸಕ್ಕರೇನೇ ಅಂತೆ. ವಾಪಸ್ ಕೊಟ್ಬುಡಿ.” ತಪ್ಪು ತಿಳುವಳಿಕೆಯಂತೆ! ಯಾರ ತಪ್ಪು, ಯಾರ ತಿಳುವಳಿಕೆ ಎಂದು ಬಾಯಿ ಬಿಡಲಿಲ್ಲ. ಜನರೆಲ್ಲ ನನ್ನ ಮುಖವನ್ನೇ ನೋಡಿದರು. ಒಬ್ಬಾಕೆ ಬಾಟಲಿಯನ್ನು ಚೀಲಕ್ಕೆ ಹಾಕುತ್ತ, “ಮೊಬೈಲ್ ನೋಡ್ಕಂಡು ಅಡ್ಗೆ ಮಾಡೋರ ಅಣೆಬರ ಇಷ್ಟೇಯ” ಎಂದಳು. ನಾನು ಹಲ್ಲು ಕಚ್ಚಿಕೊಂಡು ಇನ್ನೊಂದು ಮಾತು ಸೇರಿಸುತ್ತಿದ್ದೆ: ರಕ್ತ ಪರೀಕ್ಷೆ ಮಾಡಿಸಿ, ಪಾದ ನೋಡಿಕೊಳ್ಳಿ. ಆರು ಮನೆ ಹಾಗೇ ಆಯಿತು.

ಏಳನೆಯದು ಶಿವಮಲ್ಲಪ್ಪ ಮೇಷ್ಟ್ರ ಮನೆ. ಅವರು ಜಗಲಿಯಲ್ಲಿ ಪೇಪರ್ ಓದುತ್ತಿದ್ದರು. ನಿನ್ನ ಅಣ್ಣ ಪಾಠ ಒಪ್ಪಿಸಿದರು. ಮೇಷ್ಟ್ರು ಪೇಪರ್ ಇಳಿಸಲೇ ಇಲ್ಲ.

“ಕೊಡಲ್ಲ” ಎಂದರು. “ನನಗೆ ಎಪ್ಪತ್ತಮೂರು ವರ್ಷ. ನಿಮ್ಮತ್ತೆ ಬೆರಳು ಹೋಯಿತು ಅಂತ ನನ್ನ ಕಾಫಿ ಯಾಕಮ್ಮ ಸಪ್ಪೆಯಾಗಬೇಕು? ನಿಮ್ಮ ನಾದಿನಿ ನರ್ಸೇ ಹೂಂ ಅಂದಿದ್ದಾರೆ ಅಂತ ನೀವೇ ಹೇಳಿದ್ದು. ಅವರ ಮಾತು ನಂಬಲೋ, ತಪ್ಪು ತಿಳುವಳಿಕೆ ಅನ್ನುವವರ ಮಾತು ನಂಬಲೋ?”

ಹಿಂದೆ ಕೋಲಿನ ಸದ್ದು ಕೇಳಿತು. ನಿನ್ನ ಅವ್ವ. ಅಷ್ಟು ದೂರ ಒಬ್ಬರೇ ನಡೆದುಕೊಂಡು ಬಂದುಬಿಟ್ಟಿದ್ದರು. ಹಣೆಯಲ್ಲಿ ಬೆವರು. ಯಾರ ಕೈಯನ್ನೂ ಹಿಡಿಯದೆ ಜಗಲಿ ಹತ್ತಿದರು, ಮೇಷ್ಟ್ರ ಎದುರು ಕೂತರು. ಎಡಗಾಲನ್ನು ಎತ್ತಿ ಪೇಪರಿನ ಪಕ್ಕ ಇಟ್ಟು ಗಾಯದ ಬಟ್ಟೆ ಬಿಚ್ಚತೊಡಗಿದರು. ಒಂದು ಸುತ್ತು, ಎರಡು ಸುತ್ತು. ಒಳಗಿನಿಂದ ಮೇಷ್ಟ್ರ ಹೆಂಡತಿ ಬಂದು ನಿಂತರು.

“ನೋಡಿ ಮೇಷ್ಟ್ರೇ. ಕಣ್ ತುಂಬ ನೋಡಿ. ಇದೂ ಸಿಹಿಯಾಗೇ ಇತ್ತು.”

ಮೇಷ್ಟ್ರು ನೋಡಿದರು. ಪೇಪರ್ ಕೈಯಿಂದ ಜಾರಿತು. ಆದರೂ ಅವರು ಹಟಮಾರಿ. “ಅದು ಸರಿ ಗುರುಸಿದ್ದಮ್ಮ, ಆದರೆ ನಿಮ್ಮ ಮಗಳು...” ಎಂದರು.

ಆಗ ನಿನ್ನ ಅಣ್ಣ ಬಾಯಿಬಿಟ್ಟರು. “ನನ್ ತಂಗಿ ಒಪ್ಪಿರ್ನಿಲ್ಲ ಸಾ. ನಾನು ಅವಳ್ನ ಕೇಳೇ ಇಲ್ಲ. ಕೇಳ್ದೆ ಅಂತ ಇವ್ಳಿಗೆ ಸುಳ್ ಏಳ್ದೆ. ಇವ್ಳು ನಂಬುದ್ಲು.” ಅಷ್ಟು ಹೇಳಿ ಅವರು ಅಲ್ಲೇ ಮೆಟ್ಟಿಲ ಮೇಲೆ ಕೂತರು. ಅವ್ವನ ಬಿಚ್ಚಿದ ಪಾದವನ್ನು ಅವರು ಅಲ್ಲಿಯವರೆಗೆ ನೋಡಿಯೇ ಇರಲಿಲ್ಲ ದೀಪಾ. ಮನೆಯಲ್ಲಿ ಗಾಯದ ಬಟ್ಟೆ ಬದಲಾಯಿಸುವಾಗಲೆಲ್ಲ ಎದ್ದು ಹೊರಗೆ ಹೋಗುತ್ತಿದ್ದರು.

ಮೇಷ್ಟ್ರ ಹೆಂಡತಿ ಒಳಗೆ ಹೋಗಿ ಬಾಟಲಿ ತಂದು ನನ್ನ ಕೈಗೆ ಕೊಟ್ಟರು. ಮೇಷ್ಟ್ರು ತಡೆಯಲಿಲ್ಲ. ಆಮೇಲೆ ಆಕೆ ನೆಲದ ಮೇಲೆ ಕೂತು, “ಎಲ್ಲಿ, ನಿಮ್ ಕಾಲು ಕೊಡಿ ಇಲ್ಲಿ” ಎಂದು ಗಂಡನ ಪಾದ ತೊಡೆಯ ಮೇಲೆಳೆದುಕೊಂಡು, ಕನ್ನಡಕ ಹಾಕಿಕೊಂಡು ನೋಡತೊಡಗಿದರು.

ನಿನ್ನ ಅವ್ವ ಬಟ್ಟೆ ಸುತ್ತಿಕೊಳ್ಳಲು ಹೊರಟಿದ್ದರು. ನಾನು ಕೈ ಹಾಕುವ ಮುಂಚೆ ನಿನ್ನ ಅಣ್ಣ ಮೆಟ್ಟಿಲಿಂದ ಎದ್ದು ಬಂದು ಅದನ್ನು ತೆಗೆದುಕೊಂಡರು. ಸುತ್ತಲು ಬರಲಿಲ್ಲ, ಸೊಟ್ಟಗೆ ಸುತ್ತಿದರು. ಅವ್ವ ಬಯ್ಯುತ್ತ ಹೇಳಿಕೊಟ್ಟರು.

ನನ್ನ ಕೋಪ ಹೋಗಿಲ್ಲ. ಅವರ ಮೇಲೂ ಇದೆ, ನಿನ್ನ ಮೇಲೂ ಇದೆ, ನನ್ನ ಮೇಲೆ ಎಲ್ಲಕ್ಕಿಂತ ಹೆಚ್ಚಿದೆ. ಬೇಗ ಹೋಗುವ ಹಾಗೂ ಕಾಣುವುದಿಲ್ಲ. ಆದರೆ ಈ ತಿಂಗಳ ಕೊನೆಗೆ ರಜೆ ಹಾಕಿ ಬಾ. ಬಂದು ಅವರ ಬಲಗಾಲನ್ನು ನೋಡು, ಅದರ ಹೆಬ್ಬೆರಳ ಹತ್ತಿರ ನನಗೆ ಏನೋ ಕೆಂಪಗೆ ಕಾಣುತ್ತಿದೆ. ನಾಳೆ ಯಾವುದಕ್ಕೂ ಡಾಕ್ಟರಿಗೆ ತೋರಿಸುತ್ತೇನೆ. ಬೆರಳು ಬೆರಳಿನ ನಡುವೆ ಏನು ನೋಡಬೇಕು, ಹೇಗೆ ಮುಟ್ಟಬೇಕು, ಯಾವುದಕ್ಕೆ ಹೆದರಬೇಕು, ಎಲ್ಲ ನನಗೆ ಕಲಿಸು. ಬೈದುಕೊಂಡೇ ಕಲಿಸು. ನಾನೂ ಬೈದುಕೊಂಡೇ ಕಲಿಯುತ್ತೇನೆ.

ನಿನ್ನ ಅತ್ತಿಗೆ,
ಕುಸುಮ